ಪರದೆಯ ಮೇಲೆ ಸಾಸಿವೆ

ಧಾರೆ ಸೀರೆಯ ಮೇಲೆ ಒಂದು ಹಸಿರು ಚುಕ್ಕಿ ಕಂಡಿತು. ಕೊರಟಗೆರೆಯ ಮದುವೆ, ಮೆರೂನ್ ಬಣ್ಣದ ರೇಷ್ಮೆ, ಹುಡುಗಿಯ ಭುಜದ ಹತ್ತಿರ ಸಾಸಿವೆ ಕಾಳಿನಷ್ಟು ಚುಕ್ಕಿ. ಚುಕ್ಕಿ ಅಳಿಸುವುದೇ ನನ್ನ ಕೆಲಸ. ಮದುವೆಯ ಫೋಟೋಗಳನ್ನು ನಮ್ಮ ಯಜಮಾನರು ತೆಗೆಯುತ್ತಾರೆ, ಆಲ್ಬಮ್ ನಾನು ಮಾಡುತ್ತೇನೆ. ಮಧುಗಿರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಕೂತು ಈ ಸೀಮೆಯ ಎಷ್ಟು ಮದುಮಕ್ಕಳ ಮೊಡವೆ ಅಳಿಸಿದ್ದೇನೋ ಲೆಕ್ಕವಿಲ್ಲ. ಅಭ್ಯಾಸಬಲದಿಂದ ಮೌಸ್ ಒಯ್ದು ಈ ಚುಕ್ಕಿಯನ್ನೂ ಅಳಿಸಿದೆ. ಅದು ಹೋಯಿತು. ಹೋಗಿ ಸೆರಗಿನ ಮೇಲೆ ಬಂತು. ಅಲ್ಲಿಯೂ ಅಳಿಸಿದೆ. ಈ ಸಲ ಗಂಡಿನ ಕೋಟಿನ ಮೇಲೆ ನಾಲ್ಕಾರು ಕಾಳು ಒಟ್ಟಿಗೆ ಮಿನುಗಿದವು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರ ದೂರು. ಆವತ್ತು ಮೂಗನ್ನೂ ದಾಟಿತು. ಮಾನಿಟರನ್ನು ಸೆರಗಿನಿಂದ ಗಸಗಸ ಒರೆಸಿದೆ. ಮುಖ ತೊಳೆದುಕೊಂಡು ಬಂದೆ. ಬಂದು ಕೂತರೆ ಚುಕ್ಕಿಗಳು ನನಗಾಗಿಯೇ ಕಾದಿದ್ದವು. ಕಪ್ಪು, ಕಂದು, ಮೆರೂನ್, ಹೀಗೆ ಗಾಢವಾದ ಬಣ್ಣ ಇದ್ದ ಕಡೆಯೆಲ್ಲ ಒಂದು ಗಳಿಗೆ ಕಂಡು ಮಾಯವಾಗುತ್ತಿದ್ದವು. ಯಂತ್ರಕ್ಕೆ ಬಾಯಿಗೆ ಬಂದದ್ದನ್ನೆಲ್ಲ ಬೈದು, ಆರಿಸಿ, ಒಲೆಯ ಕಡೆಗೆ ಹೋದೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರನ್ನು ಕರೆದು ಕೂರಿಸಿದೆ. ಅವರು ಕಾಫಿ ಲೋಟ ಹಿಡಿದು ಪರದೆಗೆ ಮೂಗು ತಾಗಿಸಿ ನೋಡಿದರು.

"ಎಲ್ಲೇ? ಏನೂ ಇಲ್ವಲ್ಲೇ. ಸೀರೆ ಸೀರೆ ಇದ್ದಂಗೆ ಐತೆ."

ನಿಜ, ಆಗ ನನಗೂ ಏನೂ ಕಾಣಲಿಲ್ಲ. ಅವರು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಮಧ್ಯಾಹ್ನದ ಹೊತ್ತಿಗೆ ಚುಕ್ಕಿಗಳು ವಾಪಸ್ ಬಂದವು.

ನಮ್ಮ ಕಸುಬಿನಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ಫೈಲಿನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆಲ್ಬಮ್ ಒಯ್ಯಲು ಬಂದವರು ನನ್ನ ಕಿವಿ ಇಷ್ಟು ದೊಡ್ಡದಿಲ್ಲ ಎಂದು ತಗಾದೆ ತೆಗೆದರೆ ಮೂಲ ಫೈಲನ್ನು ತೆರೆದು, ಹಿಗ್ಗಿಸಿ, ನೋಡಿ ನಿಮ್ಮದೇ ಕಿವಿ ಎಂದು ತೋರಿಸುತ್ತೇವೆ. ಅಲ್ಲಿಗೆ ಮಾತು ಮುಗಿಯಿತು. ನಾನೂ ಹಾಗೇ ಮಾಡಿದೆ. ಚುಕ್ಕಿಗಳು ಕುಣಿಯುತ್ತಿದ್ದಾಗಲೇ ಕೀಲಿಮಣೆಯ ಗುಂಡಿ ಒತ್ತಿ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಶಿರಾದಲ್ಲಿರುವ ಗೆಳತಿಗೆ ಕಳಿಸಿದೆ. ನಮ್ಮ ಆಲ್ಬಮ್‌ಗಳನ್ನು ಅಚ್ಚು ಹಾಕಿಕೊಡುವವಳು ಅವಳೇ, ಹದ್ದಿನ ಕಣ್ಣಿನವಳು. ಕೂಡಲೇ ಫೋನ್ ಮಾಡಿದಳು.

"ಏನೂ ಇಲ್ಲ ಕಣೆ, ಸಾಫ್ ಐತೆ. ಕುಣಿಯಕ್ಕಾಗ್ದೋಳು ನೆಲ ಡೊಂಕು ಅಂದ್ಳಂತೆ. ಮೊದ್ಲು ಆಲ್ಬಮ್ ಕಳ್ಸು, ಕೊರಟಗೆರೆಯೋರು ನನ್ನ ಪ್ರಾಣ ತಿಂತಾವ್ರೆ."

ನಾನು ನಕ್ಕೆ. ಅಚ್ಚಾಗಿ ಬಂದ ಆಲ್ಬಮ್‌ನಲ್ಲೂ ಒಂದೇ ಒಂದು ಚುಕ್ಕಿ ಇರಲಿಲ್ಲ. ಹುಡುಗಿಯ ಸೀರೆ ಅಂಗಡಿಯಿಂದ ಈಗ ತಂದ ಹಾಗಿತ್ತು. ಅದನ್ನು ಕಂಡು ಖುಷಿಪಡಬೇಕಾದವಳು, ಪುಟ ಮುಚ್ಚಿ ಪಕ್ಕಕ್ಕಿಟ್ಟೆ. ಫೈಲಿನಲ್ಲಿ ಇಲ್ಲ, ಕಾಗದದಲ್ಲಿ ಇಲ್ಲ, ಯಜಮಾನರಿಗೆ ಕಾಣುವುದಿಲ್ಲ. ಹಾಗಾದರೆ ಇರುವುದು ಇನ್ನೆಲ್ಲಿ?

ನನ್ನ ಅವ್ವನಿಗೆ ಒಂದೇ ಕಣ್ಣು. ಐ.ಡಿ.ಹಳ್ಳಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಗಟ್ಟಿಮುಟ್ಟಾಗಿ ಓಡಾಡುತ್ತಾಳೆ, ಸೊಸೆಯ ಜೊತೆ ಸರಿಸಮವಾಗಿ ಜಗಳವನ್ನೂ ಆಡುತ್ತಾಳೆ, ಆದರೆ ಎಡಗಣ್ಣಿನಲ್ಲಿ ಬೆಳಕಿಲ್ಲ. ಬಹಳ ವರ್ಷದ ಹಿಂದೆ ಒಂದು ಸುಗ್ಗಿಯಲ್ಲಿ "ಕಣ್ಮುಂದೆ ಸಾಸಿವೆ ಚೆಲ್ದಂಗೆ ಆಯ್ತದೆ ಕಣಮ್ಮ" ಎಂದು ಒಂದೆರಡು ಸಲ ಅಂದಿದ್ದಳಂತೆ. ಕಣದ ಧೂಳು ಎಂದು ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಆಮೇಲೆ ಒಂದು ದಿನ ಸಾಸಿವೆಯೆಲ್ಲ ಸೇರಿ ಪರದೆ ಎಳೆದ ಹಾಗಾಯಿತು. ಕಣ್ಣಿನ ಒಳಪದರ ಬಿಟ್ಟುಕೊಂಡಿದೆ, ತಡವಾಗಿ ಬಂದಿರಿ ಎಂದರು ತುಮಕೂರಿನ ಡಾಕ್ಟರು. ಬಲಗಣ್ಣನ್ನು ಉಳಿಸಿಕೊಟ್ಟು, ಮಕ್ಕಳೂ ಹುಷಾರಾಗಿರಬೇಕು, ಕೆಲವು ಮನೆತನಗಳಲ್ಲಿ ಇದು ಇಳಿದು ಬರುತ್ತದೆ ಎಂದು ನನ್ನ ಮುಖ ನೋಡಿ ಹೇಳಿದ್ದರು.

ಆ ಮಾತು ನನ್ನೊಳಗೆ ಇಷ್ಟು ವರ್ಷ ಸುಮ್ಮನೆ ಮಲಗಿತ್ತು. ಈಗ ಎದ್ದು ಕೂತಿತು. ಕಣ್ಣೇ ನನ್ನ ಅನ್ನ. ಕಣ್ಣು ಹೋದ ಹೆಂಗಸು ಸೊಪ್ಪು ಸೋಸಬಹುದು, ರೊಟ್ಟಿ ತಟ್ಟಬಹುದು. ಮದುಮಗಳ ಕೆನ್ನೆಯ ಬಣ್ಣವನ್ನು ಅವಳ ತಂಗಿಯ ಕೆನ್ನೆಯ ಬಣ್ಣಕ್ಕಿಂತ ಒಂದು ಕೂದಲೆಳೆ ಬೆಳಗಿಸಲು ಆಗುವುದಿಲ್ಲ. ನಾನು ಹೆದರಿದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಚೆನ್ನಾಗಿಯೇ ಹೆದರಿದೆ.

ಹೆದರಿದವಳು ನೆಟ್ಟಗೆ ಡಾಕ್ಟರ ಹತ್ತಿರ ಹೋಗಬೇಕು ತಾನೇ? ಹೋಗಲಿಲ್ಲ. ಹೋಗುವ ತನಕ ಅದು ಅನುಮಾನ, ಹೋದ ಮೇಲೆ ಕಾಯಿಲೆ. ಅನುಮಾನದ ಜೊತೆ ಸಂಸಾರ ಮಾಡಬಹುದು ಅನ್ನಿಸಿತು. ಬದಲಿಗೆ ನನ್ನದೇ ಪರೀಕ್ಷೆ ಶುರು ಮಾಡಿದೆ. ತಾರಸಿಯ ಮೇಲೆ ಬಟ್ಟೆ ಹರವುವ ನೆಪದಲ್ಲಿ ಒಂದು ಕಣ್ಣು ಮುಚ್ಚಿ ಬೆಟ್ಟದ ಮೇಲಿನ ಕೋಟೆ ಗೋಡೆ ನೋಡುವುದು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡುವುದು. ಗೋಡೆ ಎರಡಕ್ಕೂ ಸರಿಯಾಗೇ ಕಾಣುತ್ತಿತ್ತು. ಸಮಾಧಾನವಾಗದೆ ಸುಣ್ಣದ ಗೋಡೆಯನ್ನು ದಿಟ್ಟಿಸುತ್ತಿದ್ದೆ. ಸುಣ್ಣದ ಗೋಡೆಯನ್ನು ಅಷ್ಟು ಹೊತ್ತು ದಿಟ್ಟಿಸಿದರೆ ಯಾರ ಕಣ್ಣಿಗಾದರೂ ಏನಾದರೊಂದು ತೇಲುತ್ತದೆ. ನನಗೂ ತೇಲಿತು. ಹೆದರಿದವಳ ಮೇಲೆ ಹಾವೆಸೆದ ಹಾಗಾಯಿತು.

ಆಲ್ಬಮ್‌ಗೆ ಫೋಟೋ ಆರಿಸಲು ಮನೆಮಂದಿಯೆಲ್ಲ ಬಂದು ನನ್ನ ಪಕ್ಕದಲ್ಲಿ ಕೂರುವುದು ನಮ್ಮಲ್ಲಿ ವಾಡಿಕೆ. ಅದು ಮದುವೆಯ ಇನ್ನೊಂದು ಶಾಸ್ತ್ರವೇ ಸೈ. ಬೆಳಿಗ್ಗೆಯೇ ಬರುತ್ತಾರೆ, ಜೊತೆಗೆ ಬೀಗರೂಟದಲ್ಲಿ ಉಳಿದ ಲಾಡು ತರುತ್ತಾರೆ, ನಾದಿನಿಯ ಫೋಟೋ ಒಂದು ಹೆಚ್ಚಾಯಿತೆಂದು ಅಲ್ಲೇ ಮುಖ ಊದಿಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬರೂ ಚುಕ್ಕಿಯ ಮಾತೆತ್ತಲಿಲ್ಲ. ಬೆಳಿಗ್ಗೆ ನನಗೂ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ, ಅವರೆಲ್ಲ ಹೋಗಿ, ನಾನೊಬ್ಬಳೇ ಭಾರವಾದ ಫೈಲುಗಳನ್ನು ತೆರೆದು ಗಂಟೆಗಟ್ಟಲೆ ಕೆಲಸ ಮಾಡಿದ ಮೇಲಷ್ಟೇ ಬರುತ್ತಿದ್ದವು. ಕಣ್ಣು ದಣಿದಾಗ ಬರುತ್ತವೆ ಎಂದು ಅದಕ್ಕೊಂದು ಅರ್ಥ ಕಟ್ಟಿಕೊಂಡೆ. ದಣಿದದ್ದು ಯಂತ್ರವೂ ಆಗಿರಬಹುದೆಂದು ಹೊಳೆಯಲಿಲ್ಲ. ಹೊಸ ಕೆಲಸ ಬಂದರೆ ಬೆನ್ನುನೋವು ಎಂದು ಶಿರಾದ ಗೆಳತಿಯ ಕಡೆಗೆ ಕಳಿಸತೊಡಗಿದೆ. ಯಜಮಾನರು ಬೆನ್ನಿಗೆ ಎಣ್ಣೆ ತಂದುಕೊಟ್ಟರು, ಹಚ್ಚಿಕೊಂಡೆ.

ಆಗ ನನ್ನ ತಲೆಗೆ ಗ್ರಾಫಿಕ್ಸ್ ಕಾರ್ಡ್ ಹೊಕ್ಕಿತು. ಕಂಪ್ಯೂಟರಿನ ಹೊಟ್ಟೆಯಲ್ಲಿ ಪರದೆಗೆ ಚಿತ್ರ ಕಳಿಸುವ ಹಲಗೆ ಅದು. ನಮ್ಮದರಲ್ಲಿ ಇದ್ದದ್ದು ಶಿರಾದ ಒಂದು ಗೇಮ್ ಸೆಂಟರ್ ಮುಚ್ಚಿದಾಗ ತಂದ ಹಳೆಯ ಡೆಸ್ಕ್‌ಟಾಪ್ ಕಾರ್ಡು. ಎರಡು ಫ್ಯಾನು, ಮೈಮೇಲೆ ಕೆಂಪು ಪಟ್ಟೆ, ಪಕ್ಕದಲ್ಲಿ ಮಿಣಮಿಣ ದೀಪ. ನೋಡಿದರೆ ಮೆರವಣಿಗೆಯ ಟ್ರ್ಯಾಕ್ಟರ್ ಹಾಗಿತ್ತು. ವೇಗ ಮಾತ್ರ ಚೆನ್ನಾಗಿತ್ತು. ಆಟದವರಿಗಾಗಿ ಮಾಡಿದ್ದು, ಓಡು ಎಂದರೆ ಓಡುತ್ತಿತ್ತು. ಆದರೆ ಕರೆಂಟು ಹೋದರೆ ಯುಪಿಎಸ್ ಬೊಬ್ಬೆ ಹೊಡೆಯುತ್ತಿತ್ತು. ಇದರ ಹಸಿವು ತೀರಿಸಲು ಆ ಬಡಪಾಯಿಗೆ ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅದರ ಪಕ್ಕ ಕಾಲು ಚಾಚಿದರೆ ಪಾದ ಸುಡುತ್ತಿತ್ತು.

ವರ್ಕ್‌ಸ್ಟೇಷನ್ ಕಾರ್ಡು ಎಂಬ ಇನ್ನೊಂದು ಜಾತಿ ಇದೆಯೆಂದು ಓದಿದ್ದೆ. ನಕ್ಷೆ ಬರೆಯುವವರಿಗೆ, ಇಂಜಿನಿಯರುಗಳಿಗೆ ಎಂದೇ ಮಾಡಿದ್ದು. ದೀಪವಿಲ್ಲ, ಪಟ್ಟೆಯಿಲ್ಲ. ಆಟದಲ್ಲಿ ಓಡಲಾರದು, ಆದರೆ ಗೆರೆ ತಪ್ಪುವುದಿಲ್ಲ, ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವ ಮೆಟ್ಟಿಲುಗಳನ್ನು ಇನ್ನೂ ಸಣ್ಣಗೆ ಕತ್ತರಿಸಿ ತೋರಿಸುತ್ತದೆ, ದಿನವಿಡೀ ಕೂತರೂ ತಣ್ಣಗಿರುತ್ತದೆ ಎಂದೆಲ್ಲ ಬರೆದಿದ್ದರು. ಇಂಥದ್ದಾದರೆ ಕಣ್ಣಿಗೆ ಹಗುರವಾಗುತ್ತದೆ, ಇರುವ ಕಣ್ಣು ಇನ್ನೊಂದಷ್ಟು ಕಾಲ ಬಾಳಿಕೆ ಬರುತ್ತದೆ ಎಂದು ಎಣಿಸಿದೆ. ಕಣ್ಣಿನ ಡಾಕ್ಟರ ಕಡೆ ಓಡಿಸಬೇಕಾದ ಬುದ್ಧಿಯನ್ನೆಲ್ಲ ಕಾರ್ಡಿನ ಕಡೆ ಓಡಿಸಿದೆ.

ಯಜಮಾನರಿಗೆ ನಿಜ ಹೇಳಲಿಲ್ಲ, ಕಾರ್ಡು ಬದಲಿಸೋಣ ಎಂದಷ್ಟೇ ಹೇಳಿದೆ. ಒಂದು ವಾರ ಮನೆಯಲ್ಲಿ ಅದೇ ವಾದ.

"ಎರಡಕ್ಕೂ ಮೆಮೊರಿ ಒಂದೇ, ನೀನು ಹೇಳೋ ಕಾರ್ಡು ಇನ್ನೂ ಹಳೇದು. ಅದ್ರಲ್ಲಿ ಫೋಟೋ ತೆರೆಯೋ ಹೊತ್ಗೆ ಮದ್ವೆ ಆದೋರಿಗೆ ಮಗು ಆಗಿರ್ತದೆ," ಎಂದರು.

"ಆಗ್ಲಿ ಬುಡಿ, ನಾಮಕರಣದ ಆಲ್ಬಮ್ಮೂ ನಮ್ಗೇ ಬರ್ತದೆ," ಎಂದೆ.

ಬಾಯಿ ಇರುವವರೆಗೆ ಕಣ್ಣಿನ ಗುಟ್ಟು ಬಯಲಾಗುವುದಿಲ್ಲ ಎಂಬುದು ಆ ದಿನಗಳಲ್ಲಿ ನಾನು ಕಲಿತ ವಿದ್ಯೆ.

ಪಾವಗಡದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಮಾರುವ ಒಂದು ಅಂಗಡಿ ಇದೆ. ತಿರುಮಣಿಯ ಕಡೆ ಸೋಲಾರ್ ಫಲಕಗಳನ್ನು ಹೂಡುವಾಗ ನಕ್ಷೆ ಬರೆಯಲು ಬಂದಿದ್ದ ಯಾವುದೋ ಕಂತ್ರಾಟಿನವರು ಕೆಲಸ ಮುಗಿದ ಮೇಲೆ ತಮ್ಮ ಯಂತ್ರಗಳನ್ನು ಅಲ್ಲಿಗೆ ಮಾರಿಹೋಗಿದ್ದರು. ಅದರೊಳಗೆ ಒಂದು ವರ್ಕ್‌ಸ್ಟೇಷನ್ ಕಾರ್ಡಿದೆ, ನಿಮ್ಮ ಹಳೆಯದನ್ನು ತನ್ನಿ, ಅದಲುಬದಲು ಮಾಡಿಕೊಳ್ಳೋಣ ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ್ದ. ಯಜಮಾನರು ನಮ್ಮ ಕಾರ್ಡನ್ನು ಬಿಚ್ಚಿ, ಹಳೆಯ ಪಂಚೆಯ ತುಂಡಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ ಕೊಟ್ಟರು. ಅವರಿಗೆ ಕೊರಟಗೆರೆಯಲ್ಲಿ ಒಂದು ಆರತಕ್ಷತೆ ಇತ್ತು. ಪೆನ್‌ಡ್ರೈವಿನಲ್ಲಿ ಆ ಮೆರೂನ್ ಸೀರೆಯ ಆಲ್ಬಮ್ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ಬೆಳಗಿನ ಬಸ್ಸಿಗೆ ನಾನೊಬ್ಬಳೇ ಹೊರಟೆ.

"ರಾಂಡಿ ಅಕ್ಕಾ, ಬನ್ನಿ, ಕೂತ್ಕಳ್ಳಿ," ಎಂದ ಅಂಗಡಿಯವನು. ಪಾವಗಡದವರ ಮಾತಿನಲ್ಲಿ ತೆಲುಗು ಎಲ್ಲಿ ಮುಗಿದು ಕನ್ನಡ ಎಲ್ಲಿ ಶುರುವಾಗುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಇದ್ದದ್ದು ಎರಡು ಸ್ಟೂಲು. ಒಂದರ ಮೇಲೆ ನಿಡುಗಲ್ ಬೆಟ್ಟದ ಬುಡದ ಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬಳು ಕೂತಿದ್ದಳು. ಚಾರ್ಜ್ ಆಗದ ತನ್ನ ಫೋನನ್ನು ಅವನಿಗೆ ಕೊಟ್ಟು, ಎಲೆಯಡಿಕೆ ಮೆಲ್ಲುತ್ತಾ ಕಾಯುತ್ತಿದ್ದಳು. ಇನ್ನೊಂದರ ಮೇಲೆ ನಾನು ಕೂತೆ.

ಅವನು ಎರಡೂ ಕಾರ್ಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ನಮ್ಮದರ ಪಕ್ಕದಲ್ಲಿ ವರ್ಕ್‌ಸ್ಟೇಷನ್ ಕಾರ್ಡು ಬಡಕಲಾಗಿ, ಒಂದೇ ಒಂದು ಪುಟ್ಟ ಫ್ಯಾನಿಟ್ಟುಕೊಂಡು, ಮದುವೆಮನೆಗೆ ಕಚೇರಿಯಿಂದ ನೇರ ಬಂದ ಶಾನುಭೋಗರ ಹಾಗೆ ಕೂತಿತ್ತು. ಅದಕ್ಕೆ ಬೇರೆ ಕರೆಂಟಿನ ತಂತಿಯೂ ಬೇಡವಂತೆ, ಕೂತ ಜಾಗದಲ್ಲಿ ಸಿಕ್ಕಷ್ಟು ಕುಡಿದು ಸುಮ್ಮನಿರುತ್ತದಂತೆ. ಮೊದಲು ಅದನ್ನೇ ಒಂದು ಕಂಪ್ಯೂಟರಿಗೆ ಸಿಕ್ಕಿಸಿದ. ಅದರ ಕಿಂಡಿಗೂ ಅವನ ಮಾನಿಟರಿನ ವೈರಿಗೂ ಹೊಂದಲಿಲ್ಲ, ನಡುವೆ ಒಂದು ಕನೆಕ್ಟರ್ ಹುಡುಕಲು ಅಂಗಡಿಯನ್ನೇ ಬುಡಮೇಲು ಮಾಡಿದ. ಸಿಕ್ಕಿತು. ನಾನು ಆಲ್ಬಮ್ ತೆರೆದೆ.

ದೊಡ್ಡ ಪುಟಗಳು ನಮ್ಮ ಕಾರ್ಡಿಗಿಂತ ಒಂದು ಉಸಿರು ತಡವಾಗಿ ಬಂದವು. ಯಜಮಾನರು ಹೇಳಿದ್ದು ಸುಳ್ಳಲ್ಲ. ಬಂದ ಮೇಲೆ ಮಾತ್ರ ಅಲುಗಲಿಲ್ಲ. ಹಿಗ್ಗಿಸಿದರೂ, ಸರಸರ ಸರಿಸಿದರೂ ಚಿತ್ರ ಎಲ್ಲೂ ಹರಿಯಲಿಲ್ಲ. ಬಣ್ಣದ ಸಣ್ಣ ಮೆಟ್ಟಿಲುಗಳ ವಿಚಾರಕ್ಕೆ ಬಂದರೆ, ಅದನ್ನು ತೋರಿಸುವ ಮಾನಿಟರ್ ಅವನ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಹಾಗಾಗಿ ಅಷ್ಟು ದಿನ ಓದಿದ್ದೆಲ್ಲ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆದರೆ ನಾನು ಹುಡುಕುತ್ತಿದ್ದದ್ದು ಬಣ್ಣವನ್ನಲ್ಲ. ಅವನು ಅಜ್ಜಿಯ ಫೋನು ಬಿಚ್ಚುತ್ತಾ ಕೂತಿದ್ದ ಅಷ್ಟೂ ಹೊತ್ತು ಪುಟಗಳನ್ನು ತಿರುವುತ್ತಲೇ ಇದ್ದೆ. ಒಂದೂ ಚುಕ್ಕಿ ಬರಲಿಲ್ಲ. ಸಂತೋಷಪಡುವ ಧೈರ್ಯವಾಗಲಿಲ್ಲ. ಅವ್ವನಿಗೂ ಕೆಲವು ದಿನ ಏನೂ ಕಾಣುತ್ತಿರಲಿಲ್ಲವಂತೆ.

ಅಜ್ಜಿಗೆ ಮಾತ್ರ ಹೊತ್ತು ಕಳೆಯಲು ಒಳ್ಳೆಯ ನೆಪ ಸಿಕ್ಕಿತ್ತು. "ಪೆಳ್ಳಿಕೂತುರು ಬಾಗುಂದಿ," ಎಂದು ಮದುಮಗಳನ್ನು ಮೆಚ್ಚಿಕೊಂಡಳು. ಗಂಡು ತೀರಾ ಸಣಕಲು ಎಂದು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಅದಲುಬದಲಾದ್ದರಿಂದ ಅವನು ನಮ್ಮ ಕಾರ್ಡನ್ನೂ ನೋಡಿಕೊಳ್ಳಬೇಕಿತ್ತು. ಅದೇ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ, ಕಾಯಿಸುವ ಒಂದು ಪರೀಕ್ಷೆ ಓಡಿಸಿದ. ಪರದೆಯ ಮೇಲೆ ಉಂಗುರದಂಥದ್ದು ಗಿರಗಿರ ತಿರುಗಿತು, ಎರಡೂ ಫ್ಯಾನುಗಳು ರೊಯ್ಯೆಂದವು. "ಸ್ಪೀಡು ಬಾಗೈತೆ ಅಕ್ಕಾ," ಎಂದು ತಲೆದೂಗಿ ಮತ್ತೆ ಫೋನಿನ ಕೆಲಸಕ್ಕೆ ತಿರುಗಿಕೊಂಡ. ಚೆನ್ನಾಗಿ ಕಾದ ಮೇಲೆ ನಾನು ಮತ್ತೆ ಆಲ್ಬಮ್ ತೆರೆದೆ. ಪುಟ ಥಟ್ಟನೆ ಬಂತು. ಧಾರೆ ಸೀರೆ ಬಂತು. ಸೀರೆಯ ಮೇಲೆ ಹಸಿರು ಸಾಸಿವೆ ಬಂತು.

ಮನೆಯ ಕೋಣೆಯಲ್ಲ, ಮನೆಯ ಮಾನಿಟರ್ ಅಲ್ಲ, ಮನೆಯ ಬೆಳಕಲ್ಲ. ಪಾವಗಡದವರೆಗೆ ಬಂದರೂ ನನ್ನ ಬೆನ್ನು ಹತ್ತಿ ಬಂದಿವೆಯೆಂದರೆ ಇವು ನನ್ನೊಳಗೇ ಇವೆ. ಕೈಯಲ್ಲಿ ಹಿಡಿದು ತಂದ ಕಾರ್ಡು ಕಣ್ಣೆದುರೇ ಇತ್ತು. ಆದರೂ ನನಗೆ ಹೊಳೆದದ್ದು ಅವ್ವನ ಎಡಗಣ್ಣು. ಬಲಗಣ್ಣು ಮುಚ್ಚಿ ನೋಡಿದೆ, ಇದ್ದವು. ಎಡಗಣ್ಣು ಮುಚ್ಚಿ ನೋಡಿದೆ, ಇದ್ದವು. ಎರಡೂ ಕಣ್ಣಿಗೆ ಬಂದುಬಿಟ್ಟಿದೆ ಎಂದುಕೊಂಡೆ. ನನ್ನ ಮಗಳ ಮದುವೆಯ ಆಲ್ಬಮ್ ಬೇರೆ ಯಾರಾದರೂ ಮಾಡಬೇಕಾಗುತ್ತದೆ ಎಂದುಕೊಂಡೆ. ಮಗಳು ಇನ್ನೂ ಕಾಲೇಜು ಮುಗಿಸಿಲ್ಲ.

ಅಷ್ಟರಲ್ಲಿ ಪಕ್ಕದಿಂದ ಅಜ್ಜಿ ಬಗ್ಗಿ, ಸುಣ್ಣ ಮೆತ್ತಿದ ಬೆರಳನ್ನು ಪರದೆಗೆ ಚಾಚಿದಳು.

"ಏಮಮ್ಮಾ, ಆ ಚೀರ ಮೀದ ಏಂದದಿ ಪಚ್ಚಗಾ? ಆವಾಲು ಚಲ್ಲಿನಟ್ಟು ಐತೆ."

ಆವಾಲು ಎಂದರೆ ಅವರ ಮಾತಿನಲ್ಲಿ ಸಾಸಿವೆ. ಸೀರೆಯ ಮೇಲೆ ಅದೇನು ಹಸಿರಾಗಿ, ಸಾಸಿವೆ ಚೆಲ್ಲಿದ ಹಾಗಿದೆ ಎಂದು ಅಜ್ಜಿ ಕೇಳುತ್ತಿದ್ದಳು. ನನಗೆ ಅರ್ಥವಾಯಿತು, ಅರ್ಥವಾದದ್ದನ್ನು ನಂಬಲು ಆಗಲಿಲ್ಲ.

"ಅಜ್ಜೀ, ನಿಮ್ಗೂ ಕಾಣ್ತದಾ?"

"ಕಾಣ್ದೆ ಏಮಿ? ನಾ ಕಂಡ್ಲೇಮನ್ನಾ ಪೋಯಿನಾಯಾ?"

ನನ್ನ ಕಣ್ಣೇನು ಹೋಗಿವೆಯಾ ಎಂದು ಅಜ್ಜಿ ರೇಗಿದಳು. ನಾನು ಆ ಸುಣ್ಣದ ಬೆರಳನ್ನೇ ಹಿಡಿದುಕೊಂಡುಬಿಟ್ಟೆ. "ಎಲ್ಲಿ ತೋರ್ಸಿ, ಇನ್ನೊಂದು ಕಿತ ತೋರ್ಸಿ," ಎಂದೆ. ಅಜ್ಜಿ ಭುಜದ ಮೇಲಿನದನ್ನು ತೋರಿಸಿದಳು, ಸೆರಗಿನ ಮೇಲಿನದನ್ನು ತೋರಿಸಿದಳು, ಗಂಡಿನ ಕೋಟಿನ ಮೇಲಿನದನ್ನೂ ತೋರಿಸಿದಳು. ಒಂದೊಂದೂ ನನಗೆ ಕಂಡ ಜಾಗದಲ್ಲೇ ಇತ್ತು. ಅಜ್ಜಿಯ ಕಣ್ಣೊಳಗೆ ನನ್ನ ಕಾಯಿಲೆ ಇರಲು ಸಾಧ್ಯವಿಲ್ಲವಲ್ಲ. ನನಗೆ ಅಳು ಬಂತು. ಹಾಗೆ ಅತ್ತು ಎಷ್ಟು ಕಾಲವಾಗಿತ್ತೋ, ಬಿಕ್ಕಿ ಬಿಕ್ಕಿ ಅತ್ತೆ, ನಡುನಡುವೆ ನಗುವೂ ಬರುತ್ತಿತ್ತು.

ಅಂಗಡಿಯವನು ಗಾಬರಿಯಾಗಿ ಎದ್ದು ಬಂದ. ಪರದೆ ನೋಡಿದ, ನನ್ನ ಮುಖ ನೋಡಿದ.

"ಅಯ್ಯೋ ಅಕ್ಕಾ, ನಿಮ್ ಕಾರ್ಡು ಹೋಗೈತೆ. ಅಳ್ಬ್ಯಾಡಿ ಅಕ್ಕಾ, ಯಂತ್ರ ಅಂದ್ಮೇಲೆ ಹೋಗೋದೇ. ನೋಡಾನ, ಏನಾದ್ರೂ ಮಾಡಾನ."

"ಹೋಗೈತಾ? ಗ್ಯಾರಂಟಿ ಹೋಗೈತಾ?" ಎಂದು ಕೇಳಿದೆ.

"ಗ್ಯಾರಂಟಿ ಅಕ್ಕಾ," ಎಂದ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ನನ್ನ ಆಯುಸ್ಸಿನಲ್ಲೇ ಅಷ್ಟು ಒಳ್ಳೆಯ ಸುದ್ದಿಯನ್ನು ಅಷ್ಟು ಸಪ್ಪೆ ಮುಖದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅವನು ವೈರು ಬದಲಿಸಿ ನೋಡಿದ, ಬೇರೆ ಮಾನಿಟರ್ ಇಟ್ಟು ನೋಡಿದ. ಸಾಸಿವೆ ನಮ್ಮ ಕಾರ್ಡಿನ ಜೊತೆಗೇ ಹೋಯಿತು. ಶಾನುಭೋಗರನ್ನು ವಾಪಸ್ ಕೂರಿಸಿದರೆ ಸೀರೆ ಶುಭ್ರ. ನಮ್ಮ ಕಾರ್ಡು ಕೂತಿದ್ದಾಗಲೇ ನಾನು ನನ್ನ ಫೋನಿನಿಂದ ಪರದೆಯ ಫೋಟೋ ಹೊಡೆದುಕೊಂಡಿದ್ದೆ. ಫೋಟೋದಲ್ಲೂ ಹಸಿರು ಕಾಳುಗಳು ಎದ್ದು ಕಂಡವು. ಫೋನಿಗೆ ನನ್ನ ಅವ್ವನ ಕಣ್ಣು ಬಂದಿಲ್ಲವಲ್ಲ.

ಸ್ಕ್ರೀನ್‌ಶಾಟ್ ಹೇಳಿದ ಸುಳ್ಳು ಆಗ ತಿಳಿಯಿತು. ಅದು ಸುಳ್ಳೂ ಅಲ್ಲ. ಕಾರ್ಡಿನೊಳಗೆ ಚಿತ್ರ ಸರಿಯಾಗಿಯೇ ತಯಾರಾಗುತ್ತಿತ್ತು. ಬಿಸಿ ಏರಿದಾಗ ಹೊರಬಾಗಿಲಿನಲ್ಲಿ, ಪರದೆಗೆ ಕಳಿಸುವ ಕಡೆಯ ಹೆಜ್ಜೆಯಲ್ಲಿ ಕೆಡುತ್ತಿತ್ತು. ಸ್ಕ್ರೀನ್‌ಶಾಟ್ ಒಳಮನೆಯ ಚಿತ್ರವನ್ನು ನಕಲು ಮಾಡುತ್ತದೆ, ಬಾಗಿಲಿನಲ್ಲಿ ಆದದ್ದು ಅದಕ್ಕೆ ಗೊತ್ತಿಲ್ಲ. ಕ್ಯಾಮೆರಾದಲ್ಲಿ ಹೊಡೆದಿದ್ದರೆ ಮೊದಲನೆಯ ದಿನವೇ ತಿಳಿಯುತ್ತಿತ್ತು. ಬೇರೆ ಯಾರ ಮನೆಯಲ್ಲಾದರೂ ಫೋನ್ ಎತ್ತಿ ಫೋಟೋ ಹೊಡೆದೇ ಕಳಿಸುತ್ತಿದ್ದರು. ಫೋಟೋ ಕಸುಬಿನವರ ಮನೆಯಾದ್ದರಿಂದ, ಫೈಲು ನೋಡಿದ ಮೇಲೆ ಪರದೆಯನ್ನು ಹೊಡೆಯುವುದು ಮಂಕುತನ ಎಂದು ಬಿಟ್ಟಿದ್ದೆವು.

ಅಜ್ಜಿಗೆ ಕಾಫಿ ಕುಡಿಸಿದೆ. ಬೋಂಡಾ ತಿನ್ನಿಸಿದೆ. ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂಬ ಅನುಮಾನವಿದ್ದರೂ ಅಜ್ಜಿ ಬೋಂಡಾ ಬೇಡವೆನ್ನಲಿಲ್ಲ. ವರ್ಕ್‌ಸ್ಟೇಷನ್ ಕಾರ್ಡನ್ನು ಕೊಂಡೆ. ಕೆಟ್ಟ ಕಾರ್ಡನ್ನು ಗುಜರಿಗೆ ಹಾಕುತ್ತೇನೆ ಎಂದ ಅಂಗಡಿಯವನ ಕೈಯಿಂದ ಅದನ್ನು ಕಿತ್ತುಕೊಂಡು ಮತ್ತೆ ಪಂಚೆಯಲ್ಲಿ ಸುತ್ತಿದೆ. ಯಜಮಾನರಿಗೆ ಫೋನ್ ಮಾಡಿದೆ.

"ರೀ, ನಮ್ ಕಾ‌ರ್ಡು ಸತ್ತೋಗೈತೆ!"

"ಅದ್ನ ಯಾಕೆ ಹೆರಿಗೆ ಆದಂಗೆ ಹೇಳ್ತೀಯೇ?"

ಆಗ ಎಲ್ಲ ಹೇಳಿದೆ. ಆ ಕಡೆ ಆರತಕ್ಷತೆಯ ವಾಲಗ ಊದುತ್ತಲೇ ಇತ್ತು. "ಮನೆ ತುಂಬ ಕ್ಯಾಮೆರಾ ಮಡಿಕ್ಕಂಡು..." ಎಂದರು. ಆ ಬೆನ್ನಿನ ಎಣ್ಣೆಯನ್ನು ಇನ್ನು ನಾನೇ ಹಚ್ಚಿಕೊಳ್ಳುತ್ತೇನೆ ಎಂದು ಆಮೇಲೆ ನಗಿಸಿದರು. ಶಿರಾದ ಗೆಳತಿಗೂ ಹೇಳಿದೆ. ನೆಲವೇ ಡೊಂಕಿತ್ತು ಕಣೆ, ನಾನು ಇಷ್ಟು ದಿನ ನನ್ನ ಕಾಲನ್ನು ಬೈಕೊಂಡು ಕೂತಿದ್ದೆ, ಎಂದೆ. ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕೆಂದು ಆಣೆ ಹಾಕಿಸಿಕೊಂಡಳು. ಭಯವಿಲ್ಲದಿದ್ದಾಗ ಹೋಗುವುದು ಎಷ್ಟು ಸುಲಭ. ಮುಂದಿನ ವಾರವೇ ಹೋಗಿ ಬಂದೆ. ಒಳಪದರ ಗಟ್ಟಿಯಾಗಿದೆ, ವಯಸ್ಸಿಗೆ ತಕ್ಕ ಓದುವ ಕನ್ನಡಕ ಸಾಕು ಎಂದರು.

ಆದರೆ ಆವತ್ತು ಪಾವಗಡದಿಂದ ನಾನು ನೇರವಾಗಿ ಮನೆಗೆ ಹೋಗಲಿಲ್ಲ. ಬಸ್ಸು ಅರ್ಧದಾರಿಗೆ ಬಂದಾಗ ತಡೆಯಲಾಗದೆ ಇಳಿದು, ಆಟೋ ಹಿಡಿದು, ಐ.ಡಿ.ಹಳ್ಳಿಗೆ ಹೋದೆ. ಅವ್ವ ಜಗಲಿಯ ಮೇಲೆ ಹುರುಳಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ಅವಳು ಆರಿಸಿದ ಹುರುಳಿಯಲ್ಲಿ ಹಲ್ಲಿಗೆ ಕಲ್ಲು ಸಿಗುತ್ತದೆಂದು ಸೊಸೆಯ ತಕರಾರು. ಆದರೂ ಮೊರ ಬಿಡುವವಳಲ್ಲ.

"ಇದೇನೇ ಹೇಳ್ದೆ ಕೇಳ್ದೆ ಬಂದ್ಬುಟ್ಟೆ?" ಎಂದಳು.

ಅವಳ ಕಾಲ ಹತ್ತಿರ ಕೂತು, ಪಂಚೆ ಬಿಚ್ಚಿ ಕಾರ್ಡನ್ನು ಮುಂದಿಟ್ಟು, ಇದ್ದದ್ದನ್ನೆಲ್ಲ ಹೇಳಿದೆ. ಅವಳಿಗೆ ಕಾರ್ಡಿನ ವಿಷಯ ಎಷ್ಟು ತಿಳಿಯಿತೋ ಕಾಣೆ. "ಆ ಸಾಸಿವೆ ತೋರ್ಸು," ಎಂದಳು. ಫೋನಿನ ಫೋಟೋ ತೆಗೆದು ಕೊಟ್ಟೆ. ಬಲಗಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

"ಹಸ್ರಿಗವೆ," ಎಂದಳು.

"ಹೂಂ."

"ನನ್ನವು ಕರ್ರಗಿದ್ವು ಕಣೆ."

ನಾನು ಅವಳ ಮುಖವನ್ನೇ ನೋಡಿದೆ. ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಪಾವಗಡದವರೆಗೆ ಹೋಗಿದ್ದೆ. ನನ್ನ ಚುಕ್ಕಿಯನ್ನೂ ಅವ್ವನ ಚುಕ್ಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಸಾಸಿವೆ ಎಂದಿದ್ದಳು, ಅದರ ಬಣ್ಣ ಯಾವುದೆಂದು ನಾನು ಕೇಳಿರಲಿಲ್ಲ.

"ಮೊದ್ಲೇ ನಿನ್ನ ಕೇಳಿದ್ರೆ ಆಗೋಗ್ತಿತ್ತು," ಎಂದೆ. "ನಿಂಗೆ ಭಯ ಆಯ್ತದೆ ಅಂತ ಹೇಳ್ಲಿಲ್ಲ ಕಣವ್ವ."

ಅವ್ವ ಹುರುಳಿಯಲ್ಲಿ ಬೆರಳಾಡಿಸುತ್ತಾ ಮೊರದ ಕಡೆಗೇ ನೋಡಿಕೊಂಡು ಹೇಳಿದಳು.

"ನಂಗೊತ್ತಿತ್ತು. ಯುಗಾದಿಗೆ ಬಂದಾಗ ನೀನು ಹಿತ್ಲಲ್ಲಿ ನಿಂತ್ಕಂಡು ಒಂದ್ ಕಣ್ಣು ಮುಚ್ಕಂಡು ಹುಣ್ಸೇಮರ ನೋಡ್ತಿದ್ದೆ. ನಾನೂ ಆವಾಗ ಅಂಗೇ ನೋಡ್ತಿದ್ದೆ, ಅದೇ ಮರ್‍ವ. ನನ್ ಕಣ್ಣು ನಿಂಗೆ ಬಂದ್ಬುಡ್ತಲ್ಲ ಅಂತ ಆವತ್ತಿಂದ ಅನ್ನ ಇಳಿದಿಲ್ಲ ಕಣೆ ನಂಗೆ."

"ಅಂಗಾರೆ ನೀನಾದ್ರೂ ಕೇಳ್ಬಾರ್ದಿತ್ತಾ?"

"ಕೇಳಿ," ಎಂದಳು ಅವ್ವ, "ನೀನು ಹೂಂ ಅಂದ್ಬುಟ್ಟಿದ್ರೆ?"

ಡಾಕ್ಟರ ಬಾಗಿಲಿಗೆ ನಾನು ಹೋಗದೆ ಕೂತದ್ದೂ ಇದೇ ಮಾತಿಗೆ. ಅವ್ವನ ಎರಡೂ ಕಣ್ಣಿನಲ್ಲಿ ನೀರು ತುಂಬಿತ್ತು. ಅಳುವುದಕ್ಕೆ ಎರಡೂ ಒಂದೇ. ಸೆರಗಿನಿಂದ ಒರೆಸಿಕೊಂಡು, ಮೂಗು ಸೀಟಿ, ಮೊರವನ್ನು ನನ್ನ ತೊಡೆಯ ಮೇಲಕ್ಕೆ ತಳ್ಳಿದಳು.

"ಕಣ್ಣು ಚೆನ್ನಾಗವಲ್ಲ, ಇಕಾ ಹಿಡಿ. ಕಲ್ಲು ಆರ್ಸು."